ರೆಪ್ಪೆಯ ಮೇಲಿನ ತಲೆಕಟ್ಟು

ಜನವರಿ 9

ಅಕ್ಕ,

ತಲುಪಿದೆ. ಕೈ, ಕಾಲು, ಟ್ರಂಕು ಮೂರೂ ಸರಿಯಾಗಿವೆ. ಫೋನು ಹಿಡಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಜಗಳ ತೆಗೆಯುತ್ತೀಯ. ಅದಕ್ಕೇ ಮಾತಾಡಿಕೊಂಡ ಹಾಗೆ ಕಾಗದ.

ರೂಮು ಒಂದು ಹೊಲಿಗೆ ಅಂಗಡಿಯ ಮೇಲಿದೆ. ಕಿಟಕಿ ಒಂದೇ, ಅದೂ ಉತ್ತರಕ್ಕೆ. ಚಿತ್ರ ಬರೆಯುವವರಿಗೆ ಉತ್ತರದ ಬೆಳಕು ಒಳ್ಳೆಯದು, ಬೆಳಗಿನಿಂದ ಸಂಜೆವರೆಗೆ ಹೆಚ್ಚು ಬದಲಾಗುವುದಿಲ್ಲ. ಬಟ್ಟೆ ಒಣಗಿಸುವವರಿಗೆ ಒಳ್ಳೆಯದಲ್ಲ.

ಸಂಗ್ರಹಾಲಯಕ್ಕೆ ಹತ್ತು ನಿಮಿಷದ ದಾರಿ. ನಾನು ನಕಲು ಮಾಡಬೇಕಾದ ತೈಲಚಿತ್ರ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿದೆ. ಮುನ್ನೂರು ವರ್ಷ ಹಳೆಯದು. ಬರೆದವನು ಕಡಲಾಚೆಯ ಯಾವುದೋ ಊರಿನವನು, ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರೂ ‘ಕೀಲಿಗೊಂಚಲಿನ ಹೆಂಗಸು’ ಎನ್ನುತ್ತಾರೆ. ಕಂದು ಅಂಗಿಯ ತೋಳು, ಬಿಳಿ ಕೊರಳಪಟ್ಟಿ, ಮಡಿಲಲ್ಲಿ ಕೀಲಿಗೊಂಚಲು ಹಿಡಿದ ಕೈ. ನಿನ್ನ ಹಾಗೇ ಇದ್ದಾಳೆ. ಎದುರಿಗೆ ನಿಂತವರು ಬೀರು ತೆಗೆಯಲಿಕ್ಕೇ ಬಂದಿದ್ದಾರೆ ಎನ್ನುವ ಹಾಗೆ ನೋಡುತ್ತಾಳೆ.

ಕಲಿಸುವ ಮೇಷ್ಟ್ರು ಎಪ್ಪತ್ತು ದಾಟಿದವರು. ಹರೆಯದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದರಂತೆ. ಆಮೇಲೆ ಇಲ್ಲಿಯ ರಿಪೇರಿ ಕೋಣೆಯಲ್ಲಿ, ಹಳೆಯ ಚಿತ್ರಗಳನ್ನು ಸರಿಮಾಡುವ ಕೆಲಸದಲ್ಲಿ, ನಿವೃತ್ತಿಯವರೆಗೆ ಇದ್ದರು. ನಾನು ಮೊದಲು ಏನು ಮಾಡುತ್ತಿದ್ದೆ ಎಂದು ಕೇಳಿದರು. ಸ್ಟುಡಿಯೋದಲ್ಲಿ ಫೋಟೋ ತಿದ್ದುತ್ತಿದ್ದೆ ಎಂದೆ. “ಅಂದ್ರೆ ಮಚ್ಚೆ ಅಳಿಸ್ತಿದ್ರಿ. ಇಲ್ಲಿ ಮಚ್ಚೆ ಇದ್ರೆ ಮಚ್ಚೆ ಬರೀಬೇಕು” ಎಂದರು.

ಮೇ ಹತ್ತಕ್ಕೆ ಸಮಿತಿ ನನ್ನ ನಕಲನ್ನು ನೋಡುತ್ತದೆ. ಒಪ್ಪಿದರೆ ರಿಪೇರಿ ಕೋಣೆಯಲ್ಲಿ ಖಾಯಂ ಕೆಲಸ. ಸ್ಟುಡಿಯೋ ಮುಚ್ಚಿದ ಮೇಲೆ ನನಗೆ ಬಂದಿರುವುದು ಇದೊಂದೇ ಅವಕಾಶ. ನಲವತ್ತಕ್ಕೆ ಇನ್ನೆರಡು ವರ್ಷ ಇರುವವಳಿಗೆ ಮತ್ತೊಂದು ಬರುವುದಿಲ್ಲ. ನೀನು ತುಂಬಿಕೊಟ್ಟ ಜಾಮೀನು ಪತ್ರವನ್ನು ಕಚೇರಿಗೆ ಕೊಟ್ಟಿದ್ದೇನೆ.

ಭಾವನಿಗೆ ನಮಸ್ಕಾರ ಹೇಳು.

ಗುಬ್ಬಿ

ಜನವರಿ 17

ಗುಬ್ಬಿ,

ಕಾಗದವನ್ನು ನಾನು ಎರಡು ಸಲ ಓದಿದೆ, ನಿಮ್ಮ ಭಾವನಿಗೆ ಒಂದು ಸಲ ಓದಿ ಹೇಳಿದೆ. ಕೀಲಿ ಹಿಡಿದವಳು ನನ್ನ ಹಾಗಿದ್ದಾಳೆ ಎನ್ನುವ ಕಡೆ ಅವರು ಬೇಕಾದದ್ದಕ್ಕಿಂತ ಜಾಸ್ತಿ ನಕ್ಕರು.

ಒಂದು ಮಾತು. ನೋಂದಣಿ ಕಚೇರಿಯ ನಕಲು ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿದ್ದೇನೆ. ನಮ್ಮಲ್ಲಿ ಒಂದೇ ಒಂದು ಹಾಳೆ ಹೊರಗೆ ಹೋಗಬೇಕಾದರೂ ಹಿಂದೆ ‘ನಕಲು’ ಎಂದು ಮೊಹರು ಬೀಳಬೇಕು. ಮೊಹರಿಲ್ಲದ ನಕಲು ನಾಲ್ಕು ದಿನದಲ್ಲಿ ತಾನೇ ಮೂಲ ಎಂದು ಓಡಾಡುತ್ತದೆ. ನಿಮ್ಮ ಮೇಷ್ಟ್ರು ನಕಲಿನ ಹಿಂದೆ ಏನು ಹಾಕುತ್ತಾರೆ? ನಿನಗಿಂತ ಮುಂಚೆ ಕಲಿತವರ ಚಿತ್ರಗಳು ಎಲ್ಲಿವೆ? ಸುಮ್ಮನೆ ತಿಳಿದುಕೊಂಡಿರು.

ಟರ್ಪೆಂಟೈನ್ ಡಬ್ಬಿಯನ್ನು ಕುಡಿಯುವ ನೀರಿನ ಪಕ್ಕ ಇಡಬೇಡ.

ಅಕ್ಕ

ಫೆಬ್ರವರಿ 6

ಅಕ್ಕ,

ತಡವಾಯಿತು. ಬೆಳಿಗ್ಗೆ ಎಂಟಕ್ಕೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತೇನೆ, ಬೆರಳ ಸಂದಿಯ ಬಣ್ಣ ತೊಳೆಯಲಿಕ್ಕೇ ಅರ್ಧ ಗಂಟೆ ಬೇಕು.

ಮೊದಲ ಎರಡು ವಾರ ಬಣ್ಣ ಮುಟ್ಟಲು ಬಿಡಲಿಲ್ಲ. ಒಂದು ದಾರಕ್ಕೆ ಸೀಸದ ಗುಂಡು ಕಟ್ಟಿ ಕೈಗೆ ಕೊಟ್ಟರು. ಅದನ್ನು ಚಿತ್ರದ ಮುಂದೆ ತೂಗಿಸಿ ಹಿಡಿದು, ಕಣ್ಣಿನ ನೇರಕ್ಕೆ ಕೆಳಗೆ ಏನಿದೆ, ಮೊಣಕೈ ಎಷ್ಟು ಒಳಗಿದೆ ಎಂದು ಗುರುತು ಹಾಕಬೇಕು. ಆಮೇಲೆ ಇಡೀ ಚಿತ್ರವನ್ನು ಬರೀ ಬೂದುಬಣ್ಣದಲ್ಲಿ ಒಂದು ಸಲ ಬರೆದೆ. ಅದು ಒಣಗಿದ ಮೇಲೆ ಬಣ್ಣ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ತಪ್ಪಿದರೆ ಮೇಲಿನದು ಬಿರುಕು ಬಿಡುತ್ತದೆ. “ಅವಸರದ ಸಂಸಾರದ ಹಾಗೆ” ಎನ್ನುತ್ತಾರೆ ಮೇಷ್ಟ್ರು. ಅವರಿಗೆ ಸಂಸಾರವಿಲ್ಲ.

ನೀನು ಕೇಳಿದ್ದಕ್ಕೆ: ಮೊಹರು ಹಾಕುವುದಿಲ್ಲ. ಮಸಿ ಕ್ಯಾನ್ವಾಸ್ ಬಟ್ಟೆಯೊಳಗೆ ಇಳಿದು ಮುಂದಕ್ಕೆ ಬರುತ್ತದಂತೆ. ಹಿಂದಿನ ಶಿಷ್ಯರು ಹನ್ನೊಂದು ಜನ. ಸಮಿತಿ ನೋಡಿದ ಮೇಲೆ ಅವರ ನಕಲುಗಳೆಲ್ಲ ಮೇಷ್ಟ್ರ ಮನೆಗೆ ಹೋಗಿವೆ. ಯಾರಿಗೂ ವಾಪಸು ಕೊಟ್ಟಿಲ್ಲ.

ಇನ್ನೊಂದಿದೆ, ನೀನು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಮುಖವನ್ನು ಶಿಷ್ಯರು ಬರೆಯುವ ಹಾಗಿಲ್ಲ. ತೋಳು, ಕೈ, ಕೀಲಿ, ಹಿಂದಿನ ಕತ್ತಲು ಎಲ್ಲ ನಮ್ಮದು. “ಮುಖ ಮಾತ್ರ ನಾನ್ ಹಾಕ್ತೀನಿ. ಕೊನೇಲಿ ಅದನ್ನ ಕೆಡಿಸಿದ್ರೆ ಅಷ್ಟೂ ತಿಂಗಳ ಕೆಲಸ ನೀರುಪಾಲು” ಎಂದರು. ಸಮಿತಿಗೆ ಇದು ಗೊತ್ತೇ ಎಂದು ಕೇಳಿದೆ. “ಸಮಿತಿಗೆ ಚಿತ್ರ ಬೇಕು, ಪುರಾಣ ಬೇಡ” ಎಂದರು.

ಗುಬ್ಬಿ

ಫೆಬ್ರವರಿ 12

ಗುಬ್ಬಿ,

ಮೊಹರಿಲ್ಲ, ವಾಪಸಿಲ್ಲ, ಮುಖ ಅವರೇ ಹಾಕುತ್ತಾರೆ. ಇದನ್ನು ಕಲಿಸುವುದು ಎನ್ನುವುದಿಲ್ಲ, ದುಡಿಸಿಕೊಳ್ಳುವುದು ಎನ್ನುತ್ತಾರೆ. ನಾಲ್ಕು ತಿಂಗಳು ನೀನು ತೋಳು ಬರೆಯುತ್ತೀಯ, ಅವರು ಒಂದು ವಾರದಲ್ಲಿ ಮುಖ ಹಾಕಿ ಮನೆಗೆ ಒಯ್ಯುತ್ತಾರೆ. ಮನೆಯಿಂದ ಎಲ್ಲಿಗೆ ಹೋಗುತ್ತದೆ? ಆ ಹನ್ನೊಂದನ್ನು ನೀನು ಕಣ್ಣಾರೆ ನೋಡಿದ್ದೀಯಾ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಕೆಲವರು. ನಿಮ್ಮ ಮೇಷ್ಟ್ರು ಕೇಳುವ ಮುಂಚೆಯೇ ಮಸಿ ಇಳಿಯುತ್ತದೆ ಎಂದು ಕಾರಣ ಸಿದ್ಧ ಮಾಡಿಟ್ಟವರು.

ಹೋದ ತಿಂಗಳು ನಮ್ಮಲ್ಲಿಗೆ ಒಂದು ಹಳೆಯ ಕ್ರಯಪತ್ರ ಬಂತು. ನಾಲ್ಕು ಹಾಳೆ. ಮೂರನೆಯದನ್ನು ಯಾರೋ ಆಮೇಲೆ ಬರೆದು ಸೇರಿಸಿದ್ದರು. ಅಕ್ಷರಗಳನ್ನು ಥೇಟ್ ಹಾಗೇ ಇಳಿಸಿದ್ದರು. ಸಿಕ್ಕಿಬಿದ್ದದ್ದು ತಲೆಕಟ್ಟಿನಲ್ಲಿ. ಉಳಿದ ಮೂರರಲ್ಲಿ ತಲೆಕಟ್ಟು ನೆಟ್ಟಗಿತ್ತು, ಇದರಲ್ಲಿ ಬಲತುದಿ ಮೇಲಕ್ಕೆದ್ದಿತ್ತು. ಮನುಷ್ಯ ಅಕ್ಷರವನ್ನು ಗಮನವಿಟ್ಟು ಬರೆಯುತ್ತಾನೆ, ತಲೆಕಟ್ಟನ್ನು ಅಭ್ಯಾಸಬಲದಿಂದ ಎಳೆಯುತ್ತಾನೆ. ಕಂಡುಹಿಡಿದವಳು ನಾನು. ಮೇಲಿನವರು ಹೊಗಳಿದ್ದು ಪಕ್ಕದ ಮೇಜಿನವನನ್ನು.

ಜಾಮೀನಿಗೆ ನನ್ನ ಸಹಿ ಇದೆ ಎಂದು ಹೇಳುತ್ತಿಲ್ಲ. ನಾಳೆ ಎಲ್ಲೋ ಒಂದು ಕಡೆ ‘ಮೂಲ ಚಿತ್ರ’ ಎಂದು ಮಾರಾಟವಾಗಿ ಸಿಕ್ಕಿಬಿದ್ದರೆ, ತೋಳು ಯಾರ ಕೈಯದು ಎಂದು ಮೊದಲು ಕೇಳುತ್ತಾರೆ.

ಅಕ್ಕ

ಮಾರ್ಚ್ 3

ಅಕ್ಕ,

ಈ ಸಲ ನೀನು ಕೇಳಿದ ಯಾವುದನ್ನೂ ನಾನು ಮೇಷ್ಟ್ರನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ತೋಳು ಮುಗಿಯಿತು. ಮೂರು ವಾರ ಹಿಡಿಯಿತು. ಆ ಹಳೆಯ ಮನುಷ್ಯ ಕುಂಚ ಎತ್ತುವ ಕಡೆ ಗೆರೆ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ, ಉಸಿರು ಬಿಟ್ಟ ಹಾಗೆ ಕರಗುತ್ತದೆ. ಎಪ್ಪತ್ತು ಸಲ ಒರೆಸಿ ಎಪ್ಪತ್ತೊಂದನೇ ಸಲ ಬಂತು. ಆ ದಿನ ಅವನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೇನೆ ಅನ್ನಿಸಿತು. ನಿನಗೆ ಬರೆದರೆ ಖುಷಿಪಡುತ್ತೀಯ ಎಂದುಕೊಂಡೆ. ಆಮೇಲೆ ನಿನ್ನ ಕಾಗದ ಮತ್ತೆ ಓದಿ ಬರೆಯಲಿಲ್ಲ.

ಮೊನ್ನೆ ಮುಖದ ಹತ್ತಿರ ನಿಂತು ನೋಡುತ್ತಿದ್ದೆ. ಮೇಷ್ಟ್ರು ಬಂದು ನಡುವೆ ನಿಂತರು. ಬೆಳಕಿಗೆ ಅಡ್ಡವಾಗಿದ್ದೆನೇನೋ.

ಗುಬ್ಬಿ

ಮಾರ್ಚ್ 9

ಗುಬ್ಬಿ,

ಸರಿ, ಇನ್ನು ಕೇಳುವುದಿಲ್ಲ. ತೋಳು ಚೆನ್ನಾಗಿ ಬಂದದ್ದು ಸಂತೋಷ. ನೀನು ಚಿಕ್ಕವಳಿದ್ದಾಗಲೂ ಗೋಡೆಯ ಮೇಲೆ ಚೆನ್ನಾಗಿಯೇ ಬರೆಯುತ್ತಿದ್ದೆ, ಪೆಟ್ಟು ತಿನ್ನುತ್ತಿದ್ದವಳು ನಾನು.

ಸಂಗ್ರಹಾಲಯದ ಮುಖ್ಯಸ್ಥರು ಗಂಡಸೋ ಹೆಂಗಸೋ? ಅವರ ಕಚೇರಿ ಅದೇ ಕಟ್ಟಡದಲ್ಲೇ? ಏನಿಲ್ಲ, ಭಾವ ಕೇಳುತ್ತಿದ್ದರು.

ಅಕ್ಕ

ಮಾರ್ಚ್ 28

ಅಕ್ಕ,

ಮುಖ್ಯಸ್ಥರು ಹೆಂಗಸು, ಎಲ್ಲರೂ ಮೇಡಂ ಎನ್ನುತ್ತಾರೆ. ಭಾವನಿಗೆ ತಿಳಿಸು. ಅವರನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಹದಿನೆಂಟನೇ ತಾರೀಕು, ಒಂದು ಮೂಕರ್ಜಿಯ ಕಾರಣದಿಂದ.

ಯಾರೋ ಹೆಸರು ಹಾಕದೆ ಬರೆದಿದ್ದಾರೆ. ಮೇಷ್ಟ್ರು ಶಿಷ್ಯರಿಂದ ಮೊಹರಿಲ್ಲದ ನಕಲು ಮಾಡಿಸಿ ಮೂಲವೆಂದು ಮಾರುತ್ತಾರೆ ಎಂದು. ಇಬ್ಬರು ನೌಕರರು ಮೇಷ್ಟ್ರ ಮನೆಗೆ ಹೋಗಿ ಹನ್ನೊಂದು ಚಿತ್ರಗಳನ್ನೂ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದರು. ಸಂಗ್ರಹಾಲಯದ ಅಂಗಳದಲ್ಲಿ, ನೋಡಲು ಬಂದ ಜನರ ಎದುರಿಗೇ, ಗೋಡೆಗೆ ಒರಗಿಸಿ ಎಣಿಸಿದರು. ಹನ್ನೊಂದಕ್ಕೆ ಹನ್ನೊಂದೂ ಇದ್ದವು. ಒಂದೂ ಮಾರಾಟವಾಗಿಲ್ಲ. ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು. ಯಾರೋ ಪ್ರವಾಸಿ ಅವರನ್ನೇ ಕೇಳಿದ, “ಇವೆಲ್ಲ ಮಾರೋದಕ್ಕಾ?”

ಇನ್ನೊಂದು ವಿಷಯವೂ ಬೆಳಕಿಗೆ ಬಂತು. ಮೇಡಂ ಸಾಲಾಗಿ ನೋಡುತ್ತಾ ಹೋಗಿ, “ತೋಳು ಹನ್ನೊಂದು ಥರ ಇದೆ, ಮುಖ ಮಾತ್ರ ಒಂದೇ ಥರ. ಏನ್ ಮೇಷ್ಟ್ರೇ?” ಎಂದರು. ಮೇಷ್ಟ್ರು ಒಪ್ಪಿಕೊಂಡರು. ಇನ್ನು ಮುಂದೆ ಪೂರ್ತಿ ಚಿತ್ರವನ್ನು ಶಿಷ್ಯರೇ ಬರೆಯಬೇಕೆಂದು ಆಜ್ಞೆಯಾಗಿದೆ. ಹಾಗಾಗಿ ಮುಖ ನನ್ನದು. ಹೀಗೆ ಸಿಗಬೇಕೆಂದು ನಾನು ಬಯಸಿರಲಿಲ್ಲ.

ಬರೆದವನು ಕೊಕ್ಕರೆ ಎಂದು ನನ್ನ ಅನುಮಾನ. ನಮ್ಮ ಕೋಣೆಯ ಕಾವಲುಗಾರ, ಒಂಟಿ ಕಾಲಲ್ಲಿ ನಿಂತೇ ದಿನ ಕಳೆಯುತ್ತಾನೆ. ಎಲ್ಲವನ್ನೂ ನೋಡುವವನು ಅವನೊಬ್ಬನೇ. ಅವನ ಜೊತೆ ಮಾತು ಬಿಟ್ಟಿದ್ದೇನೆ.

ನೀನು ಹೇಳಿದ್ದೂ ಇದನ್ನೇ ಅಲ್ಲವೇ, ಮಾರುತ್ತಾರೆ ಎಂದು. ಈಗ ಗೊತ್ತಾಯಿತಲ್ಲ.

ಗುಬ್ಬಿ

ಏಪ್ರಿಲ್ 4

ಗುಬ್ಬಿ,

ಯಾರು ಬರೆದರೇನು, ಮುಖ ನಿನ್ನ ಕೈಗೆ ಬಂತಲ್ಲ. ಕಾವಲುಗಾರನನ್ನು ಮಾತಾಡಿಸು. ಅವನಿರಲಿಕ್ಕಿಲ್ಲ.

ಇಲ್ಲಿ ಸೆಖೆ. ಕಚೇರಿಯ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಕೊಡುವುದಿಲ್ಲ. ಬೇರೆ ಏನೂ ವಿಶೇಷವಿಲ್ಲ.

ಅಕ್ಕ

ಏಪ್ರಿಲ್ 15

ಅಕ್ಕ,

ಮುಖ ಅರ್ಧ ಆಗಿದೆ. ಸಿಟ್ಟು ಮರೆತು ಬರೆಯುತ್ತಿದ್ದೇನೆ, ಯಾರಿಗಾದರೂ ಹೇಳಬೇಕು.

ತೋಳಿಗೆ ಅಷ್ಟು ಒದ್ದಾಡಿದೆನಲ್ಲ, ಮುಖ ನೀರಿನ ಹಾಗೆ ಬರುತ್ತಿದೆ. ಮೇಷ್ಟ್ರು ದೂರದ ಬೆಂಚಿನಲ್ಲಿ ಕೂತಿರುತ್ತಾರೆ, ಹತ್ತಿರ ಬರುವುದಿಲ್ಲ. ಮೇಲಿನ ರೆಪ್ಪೆಯ ಗೆರೆ ಒಂದೇ ಏಟಿಗೆ ಬಂತು. ಕುಂಚವನ್ನು ಎಡದಿಂದ ಬಲಕ್ಕೆ ಎಳೆದು, ತುದಿಯಲ್ಲಿ ಸಣ್ಣಗೆ ಮೇಲಕ್ಕೆ ಚಿಮ್ಮಿಸಿ ಎತ್ತಬೇಕು. ತುಟಿಗಳ ನಡುವಿನ ಗೆರೆಯೂ ಹಾಗೇ, ಮೂಗಿನ ಹೊಳ್ಳೆಯ ಅಂಚೂ ಹಾಗೇ. ಕೈಗೆ ಇಷ್ಟು ಸಲೀಸು ಯಾಕೆ ಎಂದು ಯೋಚಿಸಿದೆ. ನಕ್ಕುಬಿಡುತ್ತೀಯ. ನಾವು ಶಾಲೆಯಲ್ಲಿ ತಲೆಕಟ್ಟು ಬರೆಯುತ್ತಿದ್ದದ್ದು ಹೀಗೇ ಅಲ್ಲವೇ. ‘ಕ’ದ ತಲೆಕಟ್ಟು ಹಾಕಿದ ಹಾಗೆ ಹಾಕುತ್ತೇನೆ, ರೆಪ್ಪೆ ಬಂದುಬಿಡುತ್ತದೆ.

ತೋಳು ಬರೆಯುವಾಗ ಯಜಮಾನನ ಜೊತೆ ಕೂತ ಹಾಗಿತ್ತು. ಈಗ ಮನೆಯವರ ಜೊತೆ ಕೂತ ಹಾಗಿದೆ.

ಗುಬ್ಬಿ

ಏಪ್ರಿಲ್ 20

ಗುಬ್ಬಿ,

ನಗಲಿಲ್ಲ.

ಕಡಲಾಚೆ ಮುನ್ನೂರು ವರ್ಷದ ಹಿಂದೆ ಇದ್ದ ಆ ಮನುಷ್ಯನಿಗೆ ತಲೆಕಟ್ಟು ಕಲಿಸಿದವರು ಯಾರು?

ತೋಳಿನಲ್ಲಿ ಆ ಚಿಮ್ಮು ಇದೆಯೇ, ಇಲ್ಲವೇ, ಒಂದು ಸಲ ನೋಡು. ಇಲ್ಲದಿದ್ದರೆ, ನಿಮ್ಮಲ್ಲಿ ಬೋರ್ಡು ಬರೆದು ಕೈ ಪಳಗಿದವರು ಯಾರೆಂದು ನೀನೇ ಜನವರಿಯಲ್ಲಿ ಬರೆದಿದ್ದೀಯ.

ಅಕ್ಕ

ಮೇ 2

ಅಕ್ಕ,

ತೋಳಿನಲ್ಲಿ ಇಲ್ಲ. ಕೈಯಲ್ಲಿ ಇಲ್ಲ, ಕೀಲಿಗಳಲ್ಲಿ ಇಲ್ಲ, ಕೊರಳಪಟ್ಟಿಯಲ್ಲಿ ಇಲ್ಲ. ಗಲ್ಲದಿಂದ ಮೇಲೆ ಎಲ್ಲ ಕಡೆ ಇದೆ. ನಾಲ್ಕು ದಿನ ಒಂದೊಂದೇ ಗೆರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೊಕ್ಕರೆ ಹಿಂದಿನಿಂದ, “ಏನಮ್ಮ, ಹೇನು ಹುಡುಕ್ತಿದೀರಾ?” ಎಂದ. ಅವನ ಜೊತೆ ಮತ್ತೆ ಮಾತು ಶುರುವಾಗಿದೆ.

ನಿನ್ನೆ ಮುಖ ಮುಗಿಸಿದೆ. ಎಲ್ಲ ಚಿಮ್ಮುಗಳನ್ನೂ ಇದ್ದ ಹಾಗೇ ಹಾಕಿದೆ. ಮೇಷ್ಟ್ರು ಬೆಂಚಿನಿಂದ ಎದ್ದು ಬಂದರು. ಬಹಳ ಹೊತ್ತು ನೋಡಿ, “ರೆಪ್ಪೆ ಚೆನ್ನಾಗಿ ಬಂದಿದೆ” ಎಂದರು.

“ಅದು ಯಾರು ಬರೆದ ರೆಪ್ಪೆ ಮೇಷ್ಟ್ರೇ?”

“ನೀವು.”

“ಅಲ್ಲಿ ಗೋಡೆ ಮೇಲಿರೋದು.”

ಅವರು ಆಗಲೇ ಚೊಕ್ಕವಾಗಿದ್ದ ಕುಂಚವೊಂದನ್ನು ತೆಗೆದು ಒರೆಸತೊಡಗಿದರು. “ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ತಲೆಕಟ್ಟು.”

ಕನ್ನಡಕ ಹಣೆಗೇರಿಸಿ ಚಿತ್ರದ ಹತ್ತಿರ ಹೋದರು. ತಾವು ಹಾಕಿದ್ದನ್ನು ತಾವೇ ಮೊದಲ ಸಲ ನೋಡುವವರ ಹಾಗೆ ನೋಡಿದರು. “ಬೋರ್ಡು ಬರಿಯೋನು ಎಲ್ಲಿ ಹೋದ್ರೂ ಬೋರ್ಡೇ ಬರೀತಾನೆ” ಎಂದರು.

ಮೂವತ್ತೊಂದು ವರ್ಷದ ಹಿಂದಿನ ಮಾತು. ಹಳೆಯ ವಾರ್ನಿಷ್ ತೆಗೆಯಲು ಆ ಚಿತ್ರವನ್ನು ರಿಪೇರಿ ಕೋಣೆಗೆ ತಂದಿದ್ದರು. “ವಾರ್ನಿಷ್ ಕರಗಿಸೋ ಔಷಧಿ ಜೋರಾಗಿ ಬಿದ್ದಿತ್ತು. ಹತ್ತಿ ಎತ್ತಿ ನೋಡ್ತೀನಿ, ನಸುಗೆಂಪು ಬಂದಿದೆ. ಅವಳ ಮೂಗು ಅದು. ನಿಲ್ಲಿಸೋ ಹೊತ್ತಿಗೆ ಕಣ್ಣೂ ಹೋಗಿತ್ತು.” ಯಾರಿಗೂ ಹೇಳಲಿಲ್ಲ. ಕೋಣೆಗೆ ಬೀಗ ಹಾಕಿಕೊಂಡು, ಒಂದು ಕಪ್ಪುಬಿಳುಪು ಫೋಟೋ ಇಟ್ಟುಕೊಂಡು, ಮೂರು ವಾರದಲ್ಲಿ ಮುಖ ಹಾಕಿದರು. ತಿರುಗಿ ಗೋಡೆಗೆ ಹೋಯಿತು. “ಒಂದು ವರ್ಷ ಹೆದರಿಕೊಂಡೇ ಇದ್ದೆ. ಯಾರೂ ಗುರುತು ಹಿಡೀಲಿಲ್ಲ. ಆಮೇಲೆ ಅದಕ್ಕೇ ಬೇಜಾರಾಯ್ತು.”

ಶಿಷ್ಯರಿಗೆ ಮುಖ ಯಾಕೆ ಕೊಡುತ್ತಿರಲಿಲ್ಲ ಎಂದು ಕೇಳಿದೆ.

“ನೋಡಿದವರಿಗೆ ಗೊತ್ತಾಗಲ್ಲ. ಬರೆದವರಿಗೆ ಗೊತ್ತಾಗತ್ತೆ.”

ನಕಲುಗಳನ್ನು ಮನೆಯಲ್ಲಿಟ್ಟದ್ದೂ ಅದಕ್ಕೇ, ಯಾರೂ ಪಕ್ಕಪಕ್ಕ ಇಟ್ಟು ನೋಡಬಾರದೆಂದು. ಕೊನೆಗೆ ಇಷ್ಟೇ ಹೇಳಿದರು: “ಸಮಿತಿಗೆ ಹೇಳಿದ್ರೆ ನಿಮ್ಮ ಕೆಲಸಾನೂ ಹೋಗಬಹುದು. ಯೋಚ್ನೆ ಮಾಡಿ.” ಅದು ಬುದ್ಧಿಮಾತೋ ಬೆದರಿಕೆಯೋ ನನಗೆ ತಿಳಿಯಲಿಲ್ಲ. ಅವರ ಮುಖ ನೋಡಿದೆ. ಅಲ್ಲೂ ಏನೂ ಬರೆದಿರಲಿಲ್ಲ.

ಹತ್ತನೇ ತಾರೀಕು ಹೇಳಬೇಕೆಂದಿದ್ದೇನೆ. ಸುಮ್ಮನಿದ್ದರೆ ಕೆಲಸ ಸಿಗುತ್ತದೆ. ಆದರೆ ಆ ಕೋಣೆಯಲ್ಲಿ ಕೂತು ಇನ್ನು ಇಪ್ಪತ್ತು ವರ್ಷ ಆ ಮುಖದ ಧೂಳು ಒರೆಸಬೇಕಾದವಳು ನಾನು.

ಗುಬ್ಬಿ

ಮೇ 6

ಗುಬ್ಬಿ,

ಹೇಳಬೇಡ. ತಂತಿಯ ಹಾಗೆ ಓದಿಕೋ, ಹೇಳಬೇಡ. ಈಗಂತೂ ಬೇಡ. ಮೊದಲು ಕೆಲಸ ಖಾಯಂ ಆಗಲಿ, ಒಂದೆರಡು ವರ್ಷ ಹೋಗಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಕಾರಣಗಳಿವೆ, ಬಂದಾಗ ಹೇಳುತ್ತೇನೆ.

ಅಕ್ಕ

ಮೇ 13

ಅಕ್ಕ,

ಇಪ್ಪತ್ತೆಂಟು ವರ್ಷ ಬೇರೆಯವರ ಕೈಬರಹ ಹಿಡಿದವಳು ಹೇಳಬೇಡ ಎನ್ನುತ್ತಾಳೆಂದರೆ ನನಗೆ ಅರ್ಥವಾಗಲಿಲ್ಲ. ಹೇಳಿದೆ. ಈಗ ಅರ್ಥವಾಗಿದೆ.

ಸಮಿತಿಯಲ್ಲಿ ಐದು ಜನ. ನನ್ನ ನಕಲನ್ನು ಮೂಲದ ಪಕ್ಕ ಇಟ್ಟಿದ್ದರು. ತೋಳನ್ನೂ ಮುಖವನ್ನೂ ತೋರಿಸಿ ಎಲ್ಲ ವಿವರಿಸಿದೆ. ಮೇಷ್ಟ್ರನ್ನು ಕೇಳಿದರು. “ಇವರು ಚೆನ್ನಾಗಿ ಕಲಿತಿದ್ದಾರೆ. ಅಷ್ಟು ಹೇಳಬಲ್ಲೆ” ಎಂದು ಕೂತರು.

ಆಗ ಮೇಡಂ ಒಂದು ಫೈಲು ತೆರೆದು ಎರಡು ಹಾಳೆ ತೆಗೆದರು. ಒಂದು ಮಾರ್ಚಿನ ಮೂಕರ್ಜಿ, ಅಚ್ಚು ಮಾಡಿದ್ದು. ಇನ್ನೊಂದು ನನ್ನ ಜಾಮೀನು ಪತ್ರ, ನಿನ್ನ ಕೈಬರಹದ್ದು. ಎರಡರಲ್ಲೂ ಸಾಲಿಗೊಂದು ‘ಸದರಿ’. ಎರಡರಲ್ಲೂ ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ನೀಲಿ ಮಸಿಯ ಓರೆಗೆರೆ, ಎರಡು ತುದಿಗೂ ಚುಕ್ಕೆ. ಯಾರೂ ಆಮೇಲೆ ಸೇರಿಸಿ ಬರೆಯಬಾರದೆಂದು ನಿಮ್ಮ ವಿಭಾಗದಲ್ಲಿ ಎಳೆಯುವ ಗೆರೆ. ಹೆಸರೇ ಇಲ್ಲದ ಅರ್ಜಿಗೂ ಯಾರಾದರೂ ಸೇರಿಸಿ ಬರೆದಾರೆಂದು ಹೆದರಿದವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು.

“ಮೊದಲು ಅಕ್ಕ ಬರೆದ್ರು, ಸುಳ್ಳಾಯ್ತು. ಈಗ ತಂಗಿ ಬಂದಿದೀರಿ” ಎಂದರು ಮೇಡಂ. “ಮೇಷ್ಟ್ರ ಜಾಗ ಬೇಕಿದ್ರೆ ನೇರವಾಗಿ ಕೇಳಬಹುದಿತ್ತು.”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅದನ್ನೂ ಒಪ್ಪಿಗೆ ಎಂದು ಬರೆದುಕೊಂಡರು. ನನ್ನ ನಕಲನ್ನು ತಿರಸ್ಕರಿಸಿದ್ದಾರೆ. ತಿಂಗಳ ಕೊನೆಗೆ ರೂಮು ಬಿಡಬೇಕು.

ಐದು ವಾರ ಒಬ್ಬ ನಿರಪರಾಧಿಯ ಜೊತೆ ಮಾತು ಬಿಟ್ಟಿದ್ದೆ. ಅವನಿರಲಿಕ್ಕಿಲ್ಲ ಎಂದು ನೀನು ಬರೆದೆ, ಹೇಗೆ ಗೊತ್ತೆಂದು ಬರೆಯಲಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ. ಮೇ ಆರಕ್ಕೆ ಹೇಳಬೇಡ ಎಂದೆಯಲ್ಲ, ಅದು ನನ್ನ ಕೆಲಸ ಉಳಿಯಲಿ ಎಂದೋ, ನಿನ್ನ ಗೆರೆ ಹೊರಗೆ ಬೀಳದಿರಲಿ ಎಂದೋ?

ಮೇ 17

ಇವರಿಗೆ: ಮುಖ್ಯಸ್ಥರು, ಸಂಗ್ರಹಾಲಯ
ಇವರಿಂದ: ಹಿರಿಯ ನಕಲುಗಾರ್ತಿ, ನೋಂದಣಿ ಕಚೇರಿ
ವಿಷಯ: ಮಾರ್ಚ್ ತಿಂಗಳ ಮೂಕರ್ಜಿಯನ್ನು ಬರೆದವರ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಿಳಿಸುವುದೇನೆಂದರೆ, ಸದರಿ ಮೂಕರ್ಜಿಯನ್ನು ಬರೆದವಳು ನಾನು. ಕಚೇರಿಯ ವೇಳೆಯಲ್ಲಿ, ಕಚೇರಿಯ ಯಂತ್ರದಲ್ಲಿ ಅಚ್ಚು ಮಾಡಿದೆ. ನನ್ನ ತಂಗಿಗೆ ತಿಳಿಸಿರಲಿಲ್ಲ. ಮೇಷ್ಟ್ರು ಚಿತ್ರಗಳನ್ನು ಮಾರುತ್ತಾರೆ ಎಂಬುದಕ್ಕೆ ನನ್ನಲ್ಲಿ ಅನುಮಾನವಿತ್ತೇ ಹೊರತು ಆಧಾರವಿರಲಿಲ್ಲ. ಅದು ಸುಳ್ಳೆಂದು ತಾವು ಕಂಡಿದ್ದೀರಿ. ಮೇಷ್ಟ್ರಲ್ಲಿ ಕ್ಷಮೆ ಕೇಳುತ್ತೇನೆ.

ಮುಖದ ಸಂಗತಿ ಬೇರೆ. ಅದನ್ನು ಕಂಡವಳು ನನ್ನ ತಂಗಿ, ಅದೂ ಏನೆಂದು ಅರಿಯದೆ. ಅವಳು ನನಗೆ ಬರೆದ ಆರು ಮೂಲ ಪತ್ರಗಳನ್ನು ಲಗತ್ತಿಸಿದ್ದೇನೆ. ಏಪ್ರಿಲ್ 15ರದನ್ನು ದಯವಿಟ್ಟು ಓದಬೇಕು. ಅದರಲ್ಲಿ ದೂರಿಲ್ಲ, ಸಂತೋಷವಿದೆ. ಮೇಷ್ಟ್ರ ಜಾಗ ಕಸಿಯಲು ಹೊರಟವರು ಹಾಗೆ ಬರೆಯುವುದಿಲ್ಲ. ಅನುಮಾನ ಹುಟ್ಟಿಸಿದ್ದು ಏಪ್ರಿಲ್ 20ರ ನನ್ನ ಪತ್ರ, ಅದರ ನಕಲೂ ಇದೆ. ಮೇ 13ರದು ನನಗೆ ಮಾತ್ರ ಸೇರಿದ್ದು, ಲಗತ್ತಿಸಿಲ್ಲ. ಚಿತ್ರವನ್ನು ಎಕ್ಸ್-ರೇಯಲ್ಲಿ ನೋಡಿದರೆ ನಿಜ ತಿಳಿಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅದನ್ನು ಮಾಡದೆ ತಂಗಿಯನ್ನು ಕಳಿಸಬಾರದಾಗಿ ಬೇಡಿಕೆ.

ಕೆಳಗೆ ಹೆಸರು, ಹುದ್ದೆ, ಸಹಿ ಇವೆ. ಗೆರೆ ಎಳೆದಿಲ್ಲ. ನನ್ನ ಮೇಲೆ ತಾವು ಏನಾದರೂ ಸೇರಿಸುವುದಿದ್ದರೆ ಜಾಗವಿದೆ.

*

ಗುಬ್ಬಿ,

ಮೇಲಿನದು ನಿನಗೆ ಪ್ರತಿ. ನಿನ್ನ ಪತ್ರಗಳ ಮೂಲವನ್ನು ಕೊಡುವಾಗ ಕೈ ಏಳಲಿಲ್ಲ. ನಕಲು ಕಳಿಸಿದ್ದರೆ ನಂಬುತ್ತಿರಲಿಲ್ಲ.

ನೀನು ಕೇಳಿದ್ದಕ್ಕೆ: ಎರಡೂ ಕಾರಣ ಇದ್ದವು. ಯಾವುದು ಮೊದಲು ಬಂತು ಎಂದು ನನಗೂ ಗೊತ್ತಿಲ್ಲ.

ಅಕ್ಕ

ಜೂನ್ 4

ಅಕ್ಕ,

ಮೇಡಂ ಪತ್ರಗಳನ್ನೆಲ್ಲ ಓದಿ ನನ್ನನ್ನು ಕರೆಸಿದರು. “ನಿಮ್ಮಕ್ಕನಿಗೆ ಯಾವಾಗ್ಲೂ ಇಷ್ಟೊಂದು ಅನುಮಾನನಾ?” ಎಂದರು. “ನಾನು ಹುಟ್ಟಿದಾಗ್ಲೂ ಮಗು ನಮ್ಮದೇನಾ ಅಂತ ಕೇಳಿದ್ಲಂತೆ” ಎಂದೆ. ಅವರು ನಗಲಿಲ್ಲ, ಆದರೆ ಮರುದಿನ ಎಕ್ಸ್-ರೇಗೆ ಹೇಳಿ ಕಳಿಸಿದರು.

ಫಿಲಂ ಬಂದ ದಿನ ಮೇಷ್ಟ್ರನ್ನೂ ಕೂರಿಸಿಕೊಂಡರು. ಮುಖದ ಜಾಗದಲ್ಲಿ ಎರಡು ಚಿತ್ರ ಒಂದರ ಮೇಲೊಂದು. ಅಡಿಯಲ್ಲಿ ಕಣ್ಣೂ ಇಲ್ಲ, ಮೂಗೂ ಇಲ್ಲ. ಬಾಯಿ ಇತ್ತು, ಒಂದು ಕೆನ್ನೆಯೂ ಇತ್ತು. ಮೇಷ್ಟ್ರು ಫಿಲಮನ್ನು ಕಿಟಕಿಗೆ ಹಿಡಿದರು. “ಬಾಯಿ ಉಳಿದಿದೆ. ನಾನು ನೋಡದೇನೇ ಮುಚ್ಚಿಬಿಟ್ಟೆ” ಎಂದರು. ಆಮೇಲೆ ಎಲ್ಲ ಒಪ್ಪಿಕೊಂಡರು.

ಮೇಲಿನ ಮುಖವನ್ನು ತೆಗೆಯಬೇಕೆಂದು ತೀರ್ಮಾನವಾಗಿದೆ. ಆಗ ಯಾವ ಬಣ್ಣ, ಯಾವ ಎಣ್ಣೆ ಬಳಸಿದ್ದೆಂದು ಗೊತ್ತಿರುವುದು ಮೇಷ್ಟ್ರಿಗೆ ಮಾತ್ರ. ತೆಗೆಯುವವರೂ ಅವರೇ. ನಾನು ಪಕ್ಕದಲ್ಲಿ ಕೂತು ಪ್ರತಿಯೊಂದನ್ನೂ ಬರೆದುಕೊಳ್ಳಬೇಕು, ದಿನದ ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಅದು ಮುಗಿಯುವವರೆಗೆ ನನಗೆ ತಾತ್ಕಾಲಿಕ ಕೆಲಸ. ನನ್ನ ನಕಲಿನ ತೀರ್ಮಾನವನ್ನು ಮುಂದಕ್ಕೆ ಹಾಕಿದ್ದಾರೆ, ಯಾವುದಕ್ಕೆ ಹೋಲಿಸಿ ನೋಡಬೇಕೆಂದು ಸಮಿತಿಗೇ ತಿಳಿಯುತ್ತಿಲ್ಲ.

ನಿನ್ನೆ ಮೊದಲ ದಿನ. ಹಣೆಯ ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗ. ಮೇಷ್ಟ್ರು ಕಡ್ಡಿಗೆ ಹತ್ತಿ ಸುತ್ತಿ ಕೈ ಚಾಚಿದರು. ನಾನು ಔಷಧಿ ಬಾಟಲಿಯ ಮೇಲಿನ ಚೀಟಿಯನ್ನು ಎರಡು ಸಲ ಓದಿ, ಮುಚ್ಚಳ ತೆಗೆದು ಮೂಸಿ, ಆಮೇಲೆ ಕೊಟ್ಟೆ. ಅವರು ಅದನ್ನು ನೋಡಿಯೇ ಹತ್ತಿ ಅದ್ದಿದರು. ಹಿಂದೆಂದೂ ನಾನು ಹಾಗೆ ಮೂಸುತ್ತಿರಲಿಲ್ಲ.

ಇಪ್ಪತ್ತನೇ ತಾರೀಕು ನಿನ್ನ ಹೇಳಿಕೆ ಬೇಕಂತೆ, ನೀನು ಬರಬೇಕು. ನಿನ್ನ ಕಚೇರಿಯಿಂದ ನಿನಗೆ ನೋಟೀಸು ಬಂದಿದೆ ಎಂದು ಮೇಡಂ ಹೇಳಿದರು. ನೀನು ಹೇಳಲಿಲ್ಲ.

ನಿಲ್ದಾಣಕ್ಕೆ ಬರುತ್ತೇನೆಂದು ಬರೆಯಲು ಇನ್ನೂ ಮನಸ್ಸಾಗುತ್ತಿಲ್ಲ. ಆದರೂ ಯಾವ ಬಸ್ಸಿಗೆ ಬರುತ್ತೀಯೆಂದು ಬರೆ. ನಿಜವಾಗಿ ಹತ್ತುವ ಬಸ್ಸನ್ನೇ ಬರೆ.

ಗುಬ್ಬಿ